ಎಂಟಕ್ಷರದ ಕೊಟ್ರಬಸಮ್ಮ

ಕೊಟ್ಟೂರಿನ ಬಜಾರದಲ್ಲಿ ನಿಂತು "ಏ ಕೊಟ್ರಾ" ಎಂದು ಒಂದು ಸಲ ಕೂಗಿದರೆ ಹನ್ನೊಂದು ಜನ ತಿರುಗಿ ನೋಡುತ್ತಾರೆ. ಎರಡು ಎತ್ತುಗಳೂ ನೋಡುತ್ತವೆ ಎನ್ನುವವರಿದ್ದಾರೆ. ಅದು ಸ್ವಲ್ಪ ಹೆಚ್ಚಾಯಿತು. ಊರ ದೇವರು ಕೊಟ್ಟೂರೇಶ್ವರ. ಅವನ ಹೆಸರಿನಲ್ಲಿ ಒಂದು ಚೂರು ಮುರಿದುಕೊಳ್ಳದ ಮನೆ ಇಲ್ಲಿ ಇಲ್ಲ. ಕೊಟ್ರಪ್ಪ, ಕೊಟ್ರಸ್ವಾಮಿ, ಕೊಟ್ರಬಸಪ್ಪ, ಕೊಟ್ರಬಸಯ್ಯ, ಕೊಟ್ರಗೌಡ ಹೀಗೆ ದಂಡು ಕಟ್ಟಿಕೊಂಡು ಓಡಾಡುತ್ತಾರೆ. ಈ ದಂಡಿನಲ್ಲಿ ಒಬ್ಬಾಕೆ ಕೊಟ್ರಬಸಮ್ಮ, ಕಿರಾಣಿ ಅಂಗಡಿ ಹಾಲೇಶಪ್ಪನ ಹೆಂಡತಿ.

ಕೋಗಳಿಯ ತವರಿನಿಂದ ಆಕೆ ತಂದದ್ದು ಒಂದು ಟ್ರಂಕು, ಒಂದು ಹಿತ್ತಾಳೆ ಕೊಡ, ಮತ್ತು ಬೆರಳುಗಳಲ್ಲಿ ಮೂವತ್ತೆಂಟು ರಂಗೋಲಿ. ಟ್ರಂಕಿಗೆ ತುಕ್ಕು ಹಿಡಿಯಿತು, ಕೊಡ ತೂತು ಬಿತ್ತು, ರಂಗೋಲಿ ಮಾತ್ರ ಮೂವತ್ತು ವರ್ಷ ಹೊಸದಾಗಿಯೇ ಇದ್ದವು. ಅವು ಯಾವ ಪುಸ್ತಕದಲ್ಲೂ ಇರಲಿಲ್ಲ. ಆಕೆಯ ತಾಯಿ ತಾನೇ ಕಟ್ಟಿದವು. ಆ ತಾಯಿಗೆ ಓದು ಬರಹ ಬಾರದು. ಮಗಳ ಕೈ ಹಿಡಿದು ಸಾರಿಸಿದ ನೆಲದ ಮೇಲೆ ತಿದ್ದಿಸಿ, ಒಂದೊಂದಕ್ಕೂ ಹೆಸರಿಟ್ಟಿದ್ದಳು. ನವಿಲ ನಡಿಗಿ. ಹುಣಸಿ ಹೂವು. ಎಂಟೆಳಿ ತೊಟ್ಟಿಲು. ಅತ್ತಿ ಸೊಸಿ ಜಗಳ. ಈ ಕೊನೆಯದರಲ್ಲಿ ಎರಡು ಬಳ್ಳಿಗಳು ಹದಿನೈದು ಚುಕ್ಕಿಯ ಉದ್ದಕ್ಕೂ ಒಂದಕ್ಕೊಂದು ಬೆನ್ನು ತಿರುಗಿಸಿಕೊಂಡು ಹೋಗಿ, ಇನ್ನು ಕೂಡುವುದಿಲ್ಲ ಎಂದು ನೋಡುವವರಿಗೆ ಖಾತ್ರಿಯಾದ ಮೇಲೆ, ಮೂಲೆಯಲ್ಲಿ ಯಾರಿಗೂ ಕಾಣದ ಹಾಗೆ ಕೂಡಿಬಿಡುತ್ತಿದ್ದವು.

ಮುಂಜಾನೆ ಕೊಟ್ರಬಸಮ್ಮ ಬಟ್ಟಲು ಹಿಡಿದು ಅಂಗಳಕ್ಕೆ ಇಳಿದಳೆಂದರೆ ಸೇನಾಧಿಪತಿ ಇಳಿದ ಹಾಗೆ. ಎಡಗೈಯಲ್ಲಿ ಸೆರಗು ಸಿಕ್ಕಿಸಿ, ಒಮ್ಮೆ ನೆಲ ನೋಡಿ, ಚುಕ್ಕಿಗಳ ಕಾಲ್ದಳವನ್ನು ಸಾಲಾಗಿ ನಿಲ್ಲಿಸಿ, ಒಂದೇ ಉಸಿರಿನಲ್ಲಿ ಎಳೆ ಎಳೆಯುತ್ತಿದ್ದಳು. ಹಾಲಿನವನ ಸೈಕಲ್ಲು ಆ ಗಡಿ ದಾಟದೆ ಸುತ್ತು ಹಾಕಿಕೊಂಡು ಹೋಗುತ್ತಿತ್ತು. ಓಣಿಯ ಕೋಳಿಗಳಿಗೂ ಭಯವಿತ್ತು.

ಸಾವಿರದ ಒಂಬೈನೂರ ತೊಂಬತ್ತಾರರ ಒಂದು ಮುಂಜಾನೆ ನವಿಲು ಕುಡಿದವರಂತೆ ನಡೆಯಿತು. ಎದುರು ಮನೆಯವರು ನಕ್ಕರು. ಕೊಟ್ರಬಸಮ್ಮನೂ ನಕ್ಕು, ನೀರು ಚೆಲ್ಲಿ ಅಳಿಸಿ, ಮತ್ತೆ ಹಾಕಿದಳು. ಮತ್ತೆ ಕುಡಿಯಿತು. ವಾರದೊಳಗೆ ಬಲಗೈ ಬಟ್ಟಲು ಹಿಡಿದರೂ ನಡುಗುತ್ತಿತ್ತು, ಬಿಟ್ಟರೂ ನಡುಗುತ್ತಿತ್ತು. ದಾವಣಗೆರೆಯ ಡಾಕ್ಟರು ಇದು ನರದ್ದು, ಗುಳಿಗೆ ನುಂಗಿದರೆ ನಿಧಾನವಾಗುತ್ತದೆ, ಹಿಂದಕ್ಕೆ ಹೋಗುವುದಿಲ್ಲ ಎಂದರು. ಹಾಲೇಶಪ್ಪ ಮಾತು ಕಡಿಮೆಯ ಮನುಷ್ಯ. ಅಂಗಡಿಯಿಂದ ಬರುವಾಗ ತೂತು ತೂತಿನ ಪ್ಲಾಸ್ಟಿಕ್ ರಂಗೋಲಿ ಅಚ್ಚು ತಂದು ಕಟ್ಟೆಯ ಮೇಲಿಟ್ಟ. ಕೊಟ್ರಬಸಮ್ಮ ಅದರಲ್ಲಿ ರವೆ ಜರಡಿ ಹಿಡಿದಳು.

ಆಕೆಗೆ ಇನ್ನು ಒಂದೇ ಚಿಂತೆ. ಕೈ ಪೂರಾ ಕೆಡುವ ಮೊದಲು ಆ ಮೂವತ್ತೆಂಟನ್ನೂ ಕೈಯಿಂದ ಹೊರಗೆ ಎಲ್ಲಾದರೂ ಇಡಬೇಕು. ಪೆನ್ಸಿಲು ಹಿಡಿದರೆ ಪೆನ್ಸಿಲೂ ನಡುಗಿತು. ಮಕ್ಕಳಿಲ್ಲ. ಓಣಿಯ ಹೆಣ್ಣುಮಕ್ಕಳಿಗೆ ಕಲಿಸಲು ಕೂತಳು. ಕಲಿಸುವ ಕೈಯೇ ತಪ್ಪಿದರೆ ಕಲಿಯುವವರು ತಪ್ಪನ್ನೇ ಚೆನ್ನಾಗಿ ಕಲಿಯುತ್ತಾರೆ. ಓಣಿಯ ತುಂಬ ಕುಡಿದ ನವಿಲುಗಳಾದವು.

ಆಗ ಬಜಾರದಲ್ಲಿ ಮಂಡಕ್ಕಿ ಅಂಗಡಿಯ ಮಾಳಿಗೆ ಮೇಲೆ ಶಿವಯೋಗಪ್ಪನ ಕಂಪ್ಯೂಟರ್ ತರಗತಿ ಇತ್ತು. ಶಿವಯೋಗಪ್ಪನಿಗೆ ಮೂವತ್ತೆರಡು ವರ್ಷ, ಎರಡು ಕಂಪ್ಯೂಟರು, ಒಂದು ಪುಸ್ತಕ. ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಅವನ ಪಾಂಡಿತ್ಯ ಆ ಪುಸ್ತಕದಷ್ಟೇ ದಪ್ಪ. ಮಂಡಕ್ಕಿಯ ವಾಸನೆಗೆ ಬಂದ ಇಲಿಗಳು ಅದರ ಕೊನೆಯ ನಲವತ್ತು ಪುಟ ತಿಂದಿದ್ದವು. ಅಷ್ಟು ಪಾಂಡಿತ್ಯ ಇಲಿಗಳಿಗೂ ಇತ್ತೆನ್ನಬೇಕು.

ಕೊಟ್ರಬಸಮ್ಮ ಕಡಿದಾದ ಮೆಟ್ಟಿಲು ಹತ್ತಿ, ಚಪ್ಪಲಿ ಬಿಟ್ಟು, ಒಳಗೆ ಬಂದು ನಿಂತಳು.

"ಸರ, ನಿಮ್ಮ ಕಂಪ್ಯೂಟರಿನ ಕೈ ನಡುಗತೈತೇನ್ರಿ?"

ಶಿವಯೋಗಪ್ಪ ತಬ್ಬಿಬ್ಬಾದ. "ಅದಕ್ಕ ಕೈನ ಇಲ್ರಿ ಅಕ್ಕಾರ."

"ಹಂಗಾದ್ರ ಚಲೋ ಆತು. ಇಲ್ಲದ್ದು ನಡುಗೂದು ಹೆಂಗ? ನನ್ನ ಹೆಸರು ಬರ್ಕೊಳ್ರಿ."

ಹೀಗೆ ನಲವತ್ತೇಳನೆಯ ವಯಸ್ಸಿನಲ್ಲಿ, ಏಳನೇ ತರಗತಿ ಓದಿದ್ದ ಕೊಟ್ರಬಸಮ್ಮ ಸಿ ಭಾಷೆಗೆ ಸೇರಿದಳು. ಬಲಗೈ ಮಣಿಕಟ್ಟನ್ನು ಎಡಗೈಯಲ್ಲಿ ಒತ್ತಿ ಹಿಡಿದು, ಒಂದೇ ಬೆರಳಿನಲ್ಲಿ ಕೀಲಿ ಒತ್ತುವಳು. ಒಂದು ಅಕ್ಷರ ಒತ್ತಿದರೆ ಮೂರು ಬೀಳುತ್ತಿದ್ದವು. ಹೆಚ್ಚಿನ ಎರಡನ್ನು ಅಕ್ಕಿಯಲ್ಲಿನ ಕಲ್ಲು ಆರಿಸಿದ ಹಾಗೆ ಆರಿಸಿ ತೆಗೆಯುವಳು. ನಾಲ್ಕು ತಿಂಗಳಿಗೆ ಶಿವಯೋಗಪ್ಪನಿಗೆ ಗೊತ್ತಿದ್ದಷ್ಟು ಆಕೆಗೂ ಗೊತ್ತಾಯಿತು. ತರಗತಿಯ ಉಳಿದವರಿಗಿಂತ ಆಕೆಗೆ ಸುಲಭವಾದದ್ದು ಲೂಪು: "ಇಲ್ಲಿಂದ ಇಲ್ಲಿಗೆ ಹದಿನೈದು ಸಲ ಮಾಡು, ಸಲಕ್ಕೊಂದು ಕಡಿಮಿ ಮಾಡು. ಇದು ಚುಕ್ಕಿ ಇಡೂದಲ್ಲೇನ್ರಿ ಸರ? ನಮ್ಮವ್ವ ಇದನ್ನ ದಿನಾ ಮಾಡತಿದ್ಲು."

ತೊಡಕು ಬೇರೆ ಇತ್ತು. ಸಿ ಪ್ರೋಗ್ರಾಮು ನಡೆಸಲು ಅಲ್ಲಿದ್ದ ಟರ್ಬೊ ಸಿ ಎಂಬ ತಂತ್ರಾಂಶ ಅಕ್ಷರ ಬರೆಯುತ್ತಿತ್ತು, ಗೆರೆ ಎಳೆಯುತ್ತಿರಲಿಲ್ಲ. ಯಂತ್ರ ಕೂಡಿಸಿಕೊಟ್ಟವನು ಜಾಗ ಸಾಲದು ಎಂದು ಚಿತ್ರ ಬರೆಯುವ ಭಾಗವನ್ನು, ಅಂದರೆ ಗ್ರಾಫಿಕ್ಸ್ ಲೈಬ್ರರಿಯನ್ನು, ಹಾಕದೇ ಬಿಟ್ಟು ಹೋಗಿದ್ದ. ಶಿವಯೋಗಪ್ಪ ನಕ್ಷತ್ರದ ಗುರುತುಗಳನ್ನೇ ಸಾಲಾಗಿ ಜೋಡಿಸಿ ಹುಣಸಿ ಹೂವು ಮಾಡಿ ತೋರಿಸಿದ.

ಕೊಟ್ರಬಸಮ್ಮ ಬಗ್ಗಿ ನೋಡಿದಳು. "ಇರುವಿ ಸಾಲು ಚಲೋ ಬಂದೈತಿ ಸರ. ಹೂವು ಎಲ್ಲೈತಿ?"

ಈ ಮಾತು ಶಿವಯೋಗಪ್ಪನ ಎದೆಗೆ ನಾಟಿತು. ಮರುದಿನ ಬೆಳಿಗ್ಗೆಯೇ ಖಾಲಿ ಫ್ಲಾಪಿ ಎರಡು, ರೊಟ್ಟಿ ಬುತ್ತಿ ಒಂದು ಚೀಲಕ್ಕೆ ಹಾಕಿಕೊಂಡು ಗ್ರಾಫಿಕ್ಸ್ ಲೈಬ್ರರಿಯನ್ನು ಗೆದ್ದು ತರಲು ದಂಡಯಾತ್ರೆ ಹೊರಟ. ಮೊದಲು ಕೂಡ್ಲಿಗಿ. ತಾಲ್ಲೂಕು ಕೇಂದ್ರವಲ್ಲವೇ, ಇದ್ದೇ ಇರುತ್ತದೆ ಎಂದುಕೊಂಡ. ಅಲ್ಲಿಯ ಟೈಪಿಂಗ್ ಶಾಲೆಯವರು ಗ್ರಾಫಿಕ್ಸ್ ಎಂದರೇನೆಂದು ಕೇಳಿ, ಚಿತ್ರ ಎಂದು ತಿಳಿದ ಮೇಲೆ, "ಚಿತ್ರ ಟಾಕೀಸಿನಾಗ ಇರತಾವ್ರಿ, ಮ್ಯಾಟನಿಗೆ ಇನ್ನೂ ಹೊತ್ತೈತಿ" ಎಂದು ದಾರಿ ತೋರಿಸಿದರು. ಸೋತ ರಾಜ ಹಗರಿಬೊಮ್ಮನಹಳ್ಳಿಗೆ ಬಂದ. ಅಲ್ಲಿ ಲೈಬ್ರರಿ ಎಂಬ ಮಾತು ಎಲ್ಲರಿಗೂ ಚೆನ್ನಾಗಿ ಗೊತ್ತಿತ್ತು. ಬಸ್ ನಿಲ್ದಾಣದಿಂದ ನೇರ ಸಾರ್ವಜನಿಕ ಗ್ರಂಥಾಲಯಕ್ಕೆ ಕಳಿಸಿದರು. ಪೇಪರು ಓದುತ್ತಿದ್ದ ಹಿರಿಯರೊಬ್ಬರು ತಲೆ ಎತ್ತದೆ, "ಸದಸ್ಯರಾಗ್ರಿ ಮೊದಲು" ಎಂದರು.

ಮೂರನೆಯ ಕೋಟೆ ಹಡಗಲಿ. ಲಗ್ನಪತ್ರಿಕೆಗಳನ್ನು ಕಂಪ್ಯೂಟರಿನಲ್ಲಿ ಅಚ್ಚು ಕೂಡಿಸುವ ಮೈಲಪ್ಪ ಎಂಬವನಿದ್ದ. ಅವನ ಹೆಂಡತಿ ಪಕ್ಕದಲ್ಲಿ ಮಲ್ಲಿಗೆ ಕಟ್ಟುತ್ತಿದ್ದಳು. ಅವನ ಫ್ಲಾಪಿಗಳೆಲ್ಲ ಮಲ್ಲಿಗೆಯ ವಾಸನೆ ಹೊಡೆಯುತ್ತಿದ್ದವು. ಅವುಗಳಲ್ಲಿ ಒಂದರಲ್ಲಿ ಗ್ರಾಫಿಕ್ಸ್ ಲೈಬ್ರರಿ ಇತ್ತು! ಶಿವಯೋಗಪ್ಪ ಅವನ ಕಾಲಿಗೆ ಬೀಳುವುದೊಂದು ಬಾಕಿ.

"ನೋಡ್ರಿ, ಇದ್ದ ಟರ್ಬೊ ಸಿ ಮೈ ಮುಟ್ಟಬ್ಯಾಡ್ರಿ," ಎಂದು ಮೈಲಪ್ಪ ಪ್ರತಿ ಮಾಡಿಕೊಡುತ್ತ ಹೇಳಿದ. "ಅದರ ಬಾಜೂಕ ಒಂದು ಹೊಸಾ ಫೋಲ್ಡರ್ ಮಾಡಿ ಇದನ್ನ ಇಡ್ರಿ. ಸಂಸಾರ ಒಡೀದಂಗ ಸೊಸಿನ್ನ ಮನಿ ತುಂಬಿಸ್ಕೊಂಡಂಗ. ಆಮ್ಯಾಲ ಸೊಸಿ ಯಾವ ಖೋಲ್ಯಾಗ ಅದಾಳ ಅಂತ ಪ್ರೋಗ್ರಾಮಿನಾಗ ವಿಳಾಸ ಬರೀಬೇಕು. ಅದೊಂದು ಮರೀಬ್ಯಾಡ್ರಿ."

ಹರಪನಹಳ್ಳಿ ಬಸ್ಸು ಹೊರಟೇಬಿಟ್ಟಿತ್ತು. ಶಿವಯೋಗಪ್ಪ ಓಡಿ ಹತ್ತಿದ. ಮೈಲಪ್ಪ ಏನೋ ನೆನಪಾಗಿ ಹಿಂದೆ ಓಡಿ ಬಂದು ಕೂಗಿದ: "ವಿಳಾಸದಾಗ ಓರೆ ಗೀಟು ಬರತಾವಲ್ಲ, ಅವನ್ನ ಜೋಡಿ ಹಾಕ್ರೀ!"

ಡ್ರೈವರು ಹಾರ್ನು ಹೊಡೆದ. ಕಿಟಕಿಯಲ್ಲಿದ್ದ ಶಿವಯೋಗಪ್ಪನಿಗೆ ಕೇಳಿಸಿದ್ದು, "ನೋಡಿ ಹಾಕ್ರೀ!"

"ನೋಡೇ ಹಾಕ್ತೀನ್ರಿ!" ಎಂದು ಕೈ ಬೀಸಿದ.

ಹರಪನಹಳ್ಳಿಯಲ್ಲಿ ಬಸ್ಸು ಬದಲಿಸಿ, ನಾಲ್ಕು ಊರು ಸುತ್ತಿದ ದಿಗ್ವಿಜಯ ಮುಗಿಸಿ, ಕೊಟ್ಟೂರಿಗೆ ಬಂದವನು ನಿಜಕ್ಕೂ ನೋಡಿಯೇ ಹಾಕಿದ. ವಿಳಾಸದಲ್ಲಿ ಒಂದೊಂದೇ ಓರೆ ಗೀಟನ್ನು ಕಣ್ಣಲ್ಲಿ ಕಣ್ಣಿಟ್ಟು ಹಾಕಿದ. ಸಿ ಭಾಷೆಯಲ್ಲಿ ಒಂಟಿ ಗೀಟು ಕಂಡರೆ ಯಂತ್ರ ಅದನ್ನು ಬೇರೆ ಏನೋ ಅಪ್ಪಣೆ ಎಂದು ತಿಳಿದು ದಾರಿ ತಪ್ಪುತ್ತದೆ. ಒಂದರ ಜಾಗದಲ್ಲಿ ಎರಡು ಹಾಕಬೇಕು. ಇದು ಇಲಿ ತಿಂದ ಪುಟದಲ್ಲಿತ್ತು. ಗ್ರಾಫಿಕ್ಸ್ ಶುರುವಾಗಿಲ್ಲ ಎಂಬ ಒಂದೇ ಸಾಲನ್ನು ಪರದೆ ಮೂರು ದಿನ ಹೇಳಿತು. ನಾಲ್ಕನೆಯ ದಿನ ಶಿವಯೋಗಪ್ಪನಿಗೆ ಒಂದು ಉಪಾಯ ಹೊಳೆಯಿತು. ವಿಳಾಸವೇ ಬೇಡ. ಪ್ರೋಗ್ರಾಮನ್ನೇ ಒಯ್ದು ಲೈಬ್ರರಿ ಇರುವ ಫೋಲ್ಡರಿನಲ್ಲಿ ಕೂಡಿಸಿದರೆ, ಒಂದೇ ಕೋಣೆಯಲ್ಲಿರುವವರಿಗೆ ವಿಳಾಸ ಏಕೆ?

ಕೂಡಿಸಿದ. ಪರದೆ ಕಪ್ಪಾಯಿತು. ಎಡದಿಂದ ಬಲಕ್ಕೆ ಒಂದು ಬಿಳಿ ಗೆರೆ ಬಂತು.

ಕೊಟ್ರಬಸಮ್ಮ ಆ ಗೆರೆಯನ್ನು ಎಷ್ಟು ಹೊತ್ತು ನೋಡಿದಳೆಂದರೆ ಶಿವಯೋಗಪ್ಪನಿಗೆ ಏನೋ ತಪ್ಪಾಗಿದೆ ಎಂದು ಅನುಮಾನ ಬಂತು.

"ಸೀದಾ ಐತಿ," ಎಂದಳು ಕೊನೆಗೆ. "ಸರ, ಸೀದಾ ಐತಿ ನೋಡ್ರಿ."

ಆ ಮೇಲಿನ ಒಂಬತ್ತು ತಿಂಗಳು ಮಾಳಿಗೆಯ ಮೇಲೆ ನಡೆದದ್ದು ಯುದ್ಧ. ಮಧ್ಯಾಹ್ನ ಅಡುಗೆ ಮುಗಿಸಿ, ಸೆರಗಿನ ತುದಿಯಲ್ಲಿ ಶೇಂಗಾ ಬೀಜ ಕಟ್ಟಿಕೊಂಡು ಬರುವಳು. ಪುಡಿಯಂತೆ ಚೆಲ್ಲುವುದಿಲ್ಲ, ಬಿದ್ದಲ್ಲೇ ಕೂರುತ್ತದೆ ಎಂದು ಮೇಜಿನ ಮೇಲೆ ಶೇಂಗಾ ಬೀಜವನ್ನೇ ಚುಕ್ಕಿ ಮಾಡಿ ಹರಡುವಳು. ಕಣ್ಣು ಮುಚ್ಚಿ ಬೆರಳನ್ನು ಅವುಗಳ ನಡುವೆ ಓಡಿಸುವಳು. ಬೆರಳು ನಡುಗಿದರೂ ಎಲ್ಲಿ ತಿರುಗಬೇಕೋ ಅಲ್ಲಿ ತಿರುಗುತ್ತಿತ್ತು. ಶಿವಯೋಗಪ್ಪ ಗ್ರಾಫ್ ಹಾಳೆಯಲ್ಲಿ ಗುರುತು ಹಾಕಿಕೊಳ್ಳುವನು. ಆಕೆ ಮನೆ ಎಣಿಸಿ, ಅಂಕಿ ಮಾಡಿ, ಒಂದೇ ಬೆರಳಿನಲ್ಲಿ ಒತ್ತುವಳು. ಕರೆಂಟು ಹೋದರೆ ಇಬ್ಬರೂ ಚುಕ್ಕಿ ತಿನ್ನುತ್ತ ಕೂರುವರು. ಗ್ರಾಫ್ ಹಾಳೆ ಇದ್ದದ್ದು ಒಂದೇ ಮುಷ್ಟಿ. ಒಂದು ರಂಗೋಲಿ ಯಂತ್ರಕ್ಕೆ ಹತ್ತಿದ ಮೇಲೆ ಅಳಿಸಿ, ಅದೇ ಹಾಳೆಯ ಮೇಲೆ ಮುಂದಿನದು.

ಮೊದಲ ದಿನ ಫೈಲಿಗೆ ತನ್ನ ಹೆಸರನ್ನೇ ಇಟ್ಟಳು. ಆಗಿನ ಯಂತ್ರ ಹೆಸರಿಗೆ ಇಂಗ್ಲಿಷಿನ ಎಂಟು ಅಕ್ಷರ ಹಿಡಿದು, ಉಳಿದದ್ದನ್ನು ಸದ್ದಿಲ್ಲದೆ ಕತ್ತರಿಸುತ್ತಿತ್ತು.

"ಸರ, ಬರೇ ಕೊಟ್ರಬಸ್ ಅಂತೈತಿ. ಅಮ್ಮ ಎಲ್ಲಿ ಹೋದ್ಲು?"

"ಎಂಟರ ಮ್ಯಾಲ ಹಿಡಿಯಂಗಿಲ್ರಿ ಅಕ್ಕಾರ."

"ಹೋಗ್ಲಿ ಬಿಡ್ರಿ. ಅಮ್ಮ ಅನಿಸಿಕೊಳ್ಳೂದು ನನ್ನ ಹಣ್ಯಾಗ ಎಲ್ಲೂ ಬರದಿಲ್ಲ," ಎಂದು ತಾನೇ ಮೊದಲು ನಕ್ಕಳು.

ಮೂವತ್ತೆಂಟೂ ಆ ಒಂದು ಫೈಲಿನೊಳಗೆ ಹೋದವು. ಅತ್ತಿ ಸೊಸಿ ಜಗಳ ಮುಗಿದ ದಿನ ಹಾಲೇಶಪ್ಪ ಅಂಗಡಿಗೆ ಬೀಗ ಹಾಕಿ ಬಂದು ನೋಡಿದ. ಬಳ್ಳಿಗಳು ಬೆನ್ನು ತಿರುಗಿಸಿಕೊಂಡು ಹೋಗಿ ಮೂಲೆಯಲ್ಲಿ ಕೂಡಿದವು. "ಇದು ಮದಿವಿ ಆದ ಮರುದಿನ ನೀ ಹಾಕಿದ್ದಿ," ಎಂದ. ಅವನ ಮಟ್ಟಿಗೆ ಅದು ದೊಡ್ಡ ಭಾಷಣ.

ಈಗ ದಂಡಿನ ಇನ್ನೊಬ್ಬ ಕೊಟ್ರನನ್ನು ಕರೆಯಬೇಕು. ಕೊಟ್ರಬಸಯ್ಯ ಅಂಚೆ ಕಚೇರಿಯಲ್ಲಿದ್ದವರು, ನಲವತ್ತರ ಸಾತ್ವಿಕ ಮನುಷ್ಯ. ಕಚೇರಿಗೆ ಕಂಪ್ಯೂಟರು ಬಂದರೆ ತಾವು ಹಿಂದುಳಿಯಬಾರದೆಂದು ಎರಡನೆಯ ಯಂತ್ರದಲ್ಲಿ ಅಭ್ಯಾಸ ಮಾಡುತ್ತಿದ್ದರು. ಬಹಳ ಪ್ರಯಾಸಪಟ್ಟು ಹದಿನೇಳರ ಮಗ್ಗಿ ತಾನೇ ಬರೆಯುವ ಒಂದು ಪ್ರೋಗ್ರಾಮು ಮಾಡಿದ್ದರು. ಅದಕ್ಕೆ ಅವರೂ ತಮ್ಮ ಹೆಸರನ್ನೇ ಇಟ್ಟಿದ್ದರು. ಯಂತ್ರ ಎಂಟಕ್ಷರ ಇಟ್ಟುಕೊಂಡು ಅಯ್ಯನನ್ನೂ ಕತ್ತರಿಸಿತ್ತು.

ಒಂದು ಶನಿವಾರ ಎರಡನೆಯ ಯಂತ್ರ ರಿಪೇರಿಗೆ ಹೋಗಬೇಕಾಯಿತು. ಶಿವಯೋಗಪ್ಪ ಅದರಲ್ಲಿದ್ದವರ ಕೆಲಸವನ್ನೆಲ್ಲ ಒಂದು ಫ್ಲಾಪಿಗೆ ತುಂಬಿ ಮೊದಲ ಯಂತ್ರಕ್ಕೆ ಇಳಿಸಿದ. ಹಿಂದೆ ಒಬ್ಬೊಬ್ಬರಿಗೆ ಒಂದೊಂದು ಫೋಲ್ಡರ್ ಇತ್ತು. ಗೆರೆ ಬರೆಯುವ ಹುಚ್ಚು ಎಲ್ಲರಿಗೂ ಹತ್ತಿದ ಮೇಲೆ, ವಿಳಾಸ ಬರೆಯಲು ಬಾರದ್ದರಿಂದ, ಎಲ್ಲರನ್ನೂ ಆ ಒಂದೇ ಕೋಣೆಗೆ, ಲೈಬ್ರರಿಯ ಬಗಲಿಗೆ ತಂದು ಕೂಡಿಸಿದ್ದ. ಹದಿನಾಲ್ಕು ಹೆಸರು ಒಂದರ ಕೆಳಗೊಂದು ಪರದೆಯ ಮೇಲೆ ಇಳಿದವು. ಕೊಟ್ರಬಸ್ ಎಂದೂ ಬಂತು. ಅವನು ನೋಡಿದ. ಬಂತಲ್ಲ ಎಂದು ಸಮಾಧಾನಪಟ್ಟ. ಆ ಕಾಲದ ಯಂತ್ರ, ಹೋಗುವ ಜಾಗದಲ್ಲಿ ಅದೇ ಹೆಸರಿನವರು ಇದ್ದಾರೆಯೇ ಎಂದು ಕೇಳುತ್ತಿರಲಿಲ್ಲ. ಇದ್ದವರ ಮೇಲೆ ಬಂದವರನ್ನು ಕೂಡಿಸಿ ಮುಂದೆ ಹೋಗುತ್ತಿತ್ತು. ಆ ಮೇಲೆ, ಶಿಸ್ತಿನ ಮನುಷ್ಯನಾದ್ದರಿಂದ, ಪ್ರತಿ ಶನಿವಾರದಂತೆ ಕೊಟ್ರಬಸಮ್ಮನ ಕೆಲಸ ಕೆಟ್ಟುಹೋದೀತೆಂದು ಕಾದಿಟ್ಟಿದ್ದ ಬೇರೆ ಫ್ಲಾಪಿಗೂ ಅದನ್ನು ಹೊಸದಾಗಿ ಪ್ರತಿ ಮಾಡಿದ. ಎರಡು ಕಡೆಯೂ ಹದಿನೇಳರ ಮಗ್ಗಿ ಭದ್ರವಾಯಿತು.

ಸೋಮವಾರ ಮಧ್ಯಾಹ್ನ ಕೊಟ್ರಬಸಮ್ಮ ತವರಿನ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಬಂದಳು. ತಾನೇ ಕೂತು, ತಾನೇ ಕೀಲಿ ಒತ್ತಿದಳು. ಹದಿನೇಳ ಒಂದ್ಲೆ ಹದಿನೇಳು. ಹದಿನೇಳ ಎರಡ್ಲೆ ಮೂವತ್ತನಾಲ್ಕು.

ಬಂದವರು ಪರದೆ ನೋಡಿ, ಕೊಟ್ರಬಸಮ್ಮನನ್ನು ನೋಡಿ, "ಭಾಳ ಚಂದ ಐತಿ ಅಕ್ಕಾ" ಎಂದರು.

ಶಿವಯೋಗಪ್ಪ ಆ ಸಂಜೆಯವರೆಗೂ ಹುಡುಕಿದ. ಫ್ಲಾಪಿ ಒಂದೊಂದನ್ನೂ ಹಾಕಿ ತೆಗೆದ. ಹಡಗಲಿಗೆ ಫೋನು ಮಾಡಿ ಮೈಲಪ್ಪನನ್ನು ಕೇಳಿದ. "ಒಂದರ ಮ್ಯಾಲ ಒಂದು ಕುಂತ ಮ್ಯಾಲ ಕೆಳಗಿಂದು ಇರಂಗಿಲ್ರಿ," ಎಂದ ಮೈಲಪ್ಪ. "ಅಲ್ರೀ, ಎಲ್ಲಾರ್ನೂ ಒಂದ ಖೋಲ್ಯಾಗ ಯಾಕ ತುಂಬಿದ್ರಿ? ಗೀಟು ಜೋಡಿ ಹಾಕ್ರಿ ಅಂತ ಕೂಗಿದ್ನಲ್ಲ?" ಶಿವಯೋಗಪ್ಪನಿಗೆ ಆಗ ತಿಳಿಯಿತು. ರಿಸೀವರು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದ; ಫೋನಿನಂಗಡಿಯವನು ಬಂದು ಬಿಡಿಸಿಕೊಂಡ.

ಹೇಳಲು ಮನೆಗೆ ಹೋದಾಗ ಕೊಟ್ರಬಸಯ್ಯನವರೂ ಜೊತೆಗೆ ಬಂದರು. ಪಾಪ, ಅವರು ಯಾರಿಗೂ ಕೇಡು ಬಗೆದವರಲ್ಲ. ಕಟ್ಟೆಯ ಮೇಲೆ ಕೂತು, ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು, ಅದನ್ನೇ ತಿರುಗಿಸುತ್ತಿದ್ದರು.

ಕೊಟ್ರಬಸಮ್ಮ ಅವರಿಗೆ ನೀರು ತಂದಿಟ್ಟಳು. ತಂಬಿಗೆ ನಡುಗಿ ಅರ್ಧ ಚೆಲ್ಲಿತು. "ಅಯ್ಯಾರ, ನಿಮ್ಮ ಮಗ್ಗಿ ಬರೋಬ್ಬರಿ ಬಂತೇನ್ರಿ?"

"ಬಂತ್ರಿ ತಾಯಿ," ಎಂದರು ಅವರು, ಕೇಳಿಸದಷ್ಟು ಮೆಲ್ಲಗೆ.

"ಹಂಗಾದ್ರ ಒಂದರ ಉಳೀತು."

ಶಿವಯೋಗಪ್ಪ ತಡೆಯಲಾರದೆ, "ಅಕ್ಕಾರ, ಮತ್ತ ಮಾಡೂಣ್ರಿ. ನಾಳಿಂದನ. ಒಮ್ಮಿ ಮಾಡಿದ್ದು ಜಲ್ದಿ ಆಗತೈತಿ," ಎಂದ. ಆಕೆ ಹೂಂ ಎಂದಳು.

ಮರುದಿನ ಸೆರಗಿನ ತುದಿಯಲ್ಲಿ ಶೇಂಗಾ ಬೀಜ ಬಂದವು. ಮೇಜಿನ ಮೇಲೆ ಹರಡಿದವು. ಕಣ್ಣು ಮುಚ್ಚಿ ಬೆರಳಿಟ್ಟಳು. ಆದರೆ ಒಂಬತ್ತು ತಿಂಗಳಲ್ಲಿ ಬೇನೆಯೂ ಸುಮ್ಮನೆ ಕೂತಿರಲಿಲ್ಲ. ಬೆರಳು ಎರಡು ಚುಕ್ಕಿಯ ನಡುವೆ ಹೋಗಿ, ತಿರುಗುವ ಜಾಗದಲ್ಲಿ ತಿರುಗದೆ, ಬೀಜಗಳನ್ನು ಕೆಡವಿ ಮುಂದೆ ಹೋಯಿತು. ಆರಿಸಿ ಮತ್ತೆ ಇಟ್ಟಳು. ಮತ್ತೆ ಕೆಡವಿತು.

"ಬಾಯಿಲೆ ಹೇಳ್ರಿ ಅಕ್ಕಾರ, ನಾ ಎಳೀತೀನಿ. ಮೂರನೇ ಚುಕ್ಕಿ ಮ್ಯಾಲ ಎತ್ತಾಗ ಹೋಗತೈತಿ?"

ಆಕೆ ಬಿದ್ದ ಬೀಜ ಆರಿಸಿದಳು. "ಬಾಯಿಗೆ ಬರಂಗಿಲ್ರಿ ಸರ. ಅವು ನನಗ ಗೊತ್ತಿದ್ದಿಲ್ಲ. ಕೈಗೆ ಗೊತ್ತಿದ್ವು."

ಎರಡು ತಿಂಗಳು ಕೂತರು. ಹುಣಸಿ ಹೂವು ಬಂತು, ಅದು ಚಿಕ್ಕದು. ಇನ್ನೆರಡು ಸಣ್ಣವು ಬಂದವು. ನವಿಲ ನಡಿಗಿ ಬರಲೇ ಇಲ್ಲ. ಎಂಟೆಳಿ ತೊಟ್ಟಿಲಿನಲ್ಲಿ ಆರು ಎಳೆ ಸಿಕ್ಕಿ, ಎರಡು ಸಿಗದೆ ತೊಟ್ಟಿಲು ಒಂದು ಕಡೆ ವಾಲಿತು. ಕೊನೆಗೆ ಅತ್ತಿ ಸೊಸಿ ಜಗಳ. ಹತ್ತು ದಿನ ಅದರ ಹಿಂದೆ ಬಿದ್ದು, ಶಿವಯೋಗಪ್ಪ ತನ್ನ ನೆನಪಿನಲ್ಲಿದ್ದದ್ದನ್ನೂ ಆಕೆಯ ಬೆರಳು ತೋರಿಸಿದ್ದನ್ನೂ ಕೂಡಿಸಿ ಒಂದು ಮಾಡಿದ. ಗೆರೆಗಳು ಸೀದಾ ಬಂದವು. ಬಳ್ಳಿಗಳು ಬೆನ್ನು ತಿರುಗಿಸಿಕೊಂಡು ಹೋಗಿ ಮೂಲೆಯಲ್ಲಿ ಕೂಡಿದವು, ಎಲ್ಲರಿಗೂ ಕಾಣುವ ಹಾಗೆ.

ಕೊಟ್ರಬಸಮ್ಮ ಪರದೆಯ ಆ ಮೂಲೆಗೆ ಬೆರಳು ಮಾಡಿದಳು.

"ಇದು ನಮ್ಮವ್ವಂದಲ್ಲ ಸರ."

"ಚಂದ ಐತಲ್ರಿ ಅಕ್ಕಾರ."

"ಚಂದ ಐತಿ. ಆದ್ರ ನಮ್ಮವ್ವಂದಲ್ಲ. ಅಳಿಸಿಬಿಡ್ರಿ."

ಶಿವಯೋಗಪ್ಪ ಕೀಲಿಮಣೆಯಿಂದ ಕೈ ತೆಗೆದ.

"ಅಳಿಸ್ರಿ. ನಿಮಗ ಬರತೈತಲ್ಲ," ಎಂದಳು. ಕೊಂಕಿರಲಿಲ್ಲ ಆ ಮಾತಿನಲ್ಲಿ. ಬಾಗಿಲು ಹಾಕಲು ಹೇಳಿದಷ್ಟೇ ಸಹಜವಾಗಿ ಹೇಳಿದ್ದಳು. ಅವನು ಅಳಿಸಿದ. ಆಕೆ ಮೇಜಿನ ಮೇಲಿನ ಬೀಜಗಳನ್ನು ಎಡಗೈಯಿಂದ ಒಂದೆಡೆ ಕೂಡಿಸಿ, ಅವನ ಮುಂದೆ ಸರಿಸಿ, "ತಿನ್ರಿ, ಹುರಿದಾವ" ಎಂದು ಎದ್ದಳು. ಗೋಡೆ ಹಿಡಿದುಕೊಂಡು ಮೆಟ್ಟಿಲು ಇಳಿಯುವುದು ಬಹಳ ಹೊತ್ತು ಕೇಳಿಸಿತು. ಆಮೇಲೆ ಆಕೆ ಆ ಮಾಳಿಗೆ ಹತ್ತಲಿಲ್ಲ.